ಕಾಶಕ್ಕನ ಕೌದಿಯ ಹೊಕ್ಕುಳು

ಕಾಶಕ್ಕ ಮನುಷ್ಯರ ಮುಖ ನೋಡುವ ಮೊದಲು ಅವರ ಬಟ್ಟೆ ನೋಡುತ್ತಿದ್ದಳು. ನೋಡುವುದೆಂದರೆ ಬರಿಯ ಕಣ್ಣಿನಲ್ಲಲ್ಲ. ಸೆರಗಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದು, ಹಿಟ್ಟಿನ ನುಣುಪು ನೋಡುವವರ ಹಾಗೆ ಒಮ್ಮೆ ತಿಕ್ಕಬೇಕು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಗುರುತು ಪರಿಚಯ ಇಲ್ಲದವರ ದುಪಟ್ಟಾವನ್ನೂ ಹೀಗೇ ತಿಕ್ಕಿ, ಅವರು ತಿರುಗಿ ಗುರಾಯಿಸಿದರೆ "ಅಚ್ಛಾ ಕಾಟನ್ ಹೈ" ಎಂದು ಹಲ್ಲು ಬಿಡುತ್ತಿದ್ದಳು. ಬೈಯಲು ಬಾಯಿ ತೆರೆದವರೂ ನಕ್ಕುಬಿಡುತ್ತಿದ್ದರು.

ನನ್ನ ಸೆರಗಿಗೂ ಅವಳ ಕೈ ಬಿದ್ದದ್ದು ಪರಿಚಯವಾದ ಮೊದಲ ದಿನವೇ. ಡೊಂಬಿವಲಿ ಪೂರ್ವದ ಆ ನಾಲ್ಕು ಮಾಳಿಗೆಯ ಕಟ್ಟಡಕ್ಕೆ ನಾವು ಹೊಸತಾಗಿ ಬಂದಿದ್ದೆವು. ಮಾಳಿಗೆಗೆ ಎರಡರಂತೆ ಒಟ್ಟು ಎಂಟು ಮನೆ. ನಾನು ಉಡುಪಿಯವಳು, ರಬಾಳೆಯ ಒಂದು ಫ್ಯಾಕ್ಟರಿಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ. ಅವಸರದಲ್ಲಿ ಮೆಟ್ಟಿಲಿಳಿಯುತ್ತಿದ್ದರೆ ಕೆಳಮನೆಯ ಬಾಗಿಲಲ್ಲಿ ಕುಳಿತಿದ್ದ, ಬಾಗಲಕೋಟೆ ಕಡೆಯ ದಪ್ಪ ಕುಂಕುಮದ ಹೆಂಗಸು ಸೆರಗು ಹಿಡಿದು ನಿಲ್ಲಿಸಿದಳು.

"ತಂಗಿ, ಈ ಸೀರಿ ಇನ್ನ ಎಷ್ಟ ವರ್ಷ ಉಡತಿ?"

"ಇವತ್ತೇ ಸುರು ಉಟ್ಟದ್ದು!" ಎಂದೆ.

"ಇರಲಿ, ಗಡಿಬಿಡಿ ಇಲ್ಲ. ಹರದ ಮ್ಯಾಲೆ ನೆನಪಿಟ್ಟ ನನಗ ಕೊಡು."

ಇಂಥ ಮನುಷ್ಯರೂ ಇರುತ್ತಾರಲ್ಲ ಎಂದು ರೈಲು ಹತ್ತುವವರೆಗೂ ಗೊಣಗಿಕೊಂಡೆ. ಅವಳಿಗೆ ಅದು ದುರಾಸೆಯಲ್ಲ, ದೂರದೃಷ್ಟಿ ಎಂಬುದು ಆಮೇಲೆ ತಿಳಿಯಿತು. ಕಾಶಕ್ಕನ ಕಣ್ಣಿಗೆ ಲೋಕದಲ್ಲಿದ್ದದ್ದು ಎರಡೇ ಜಾತಿಯ ಬಟ್ಟೆ. ಒಂದು ಕೌದಿ ಆಗಿದ್ದು, ಇನ್ನೊಂದು ಕೌದಿ ಆಗಬೇಕಾದ್ದು.

ಹಳೆಯ ಸೀರೆಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಕಾಲು ಚಾಚಿ ಅದರ ಮೇಲೇ ಕುಳಿತು, ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬರುವುದು ಅವಳ ಕ್ರಮ. ಕತ್ತರಿ ಮುಟ್ಟುವುದು ಅಪರೂಪ. ಬಟ್ಟೆಯನ್ನು ಹಲ್ಲಿನಿಂದ ಒಂದಿಷ್ಟು ಕಚ್ಚಿ, ಪರ್ ಎಂದು ಹರಿದರೆ ಗೆರೆ ಎಳೆದಂತೆ ನೇರ ಬರುತ್ತಿತ್ತು. ಅಳತೆಗೆ ಗೇಣು, ಬೆರಳು. ಅದಕ್ಕಿಂತ ಸಣ್ಣದಕ್ಕೆ ಅವಳ ಬಳಿ ಅಳತೆಯೇ ಇಲ್ಲ. "ಹಾಸಿಗಿ ಇದ್ದಷ್ಟ ಕಾಲ ಚಾಚು ಅಂತಾರಲ್ಲ ಮಂದಿ? ನಾ ಕಾಲ ಇದ್ದಷ್ಟ ಹಾಸಿಗಿ ಹೊಲೀತೀನಿ" ಎನ್ನುತ್ತಿದ್ದಳು. ಕೌದಿ ಬೇಕೆಂದು ಬಂದವರನ್ನು ನಿಜವಾಗಿಯೂ ನೆಲದ ಮೇಲೆ ಮಲಗಿಸಿ ಗೇಣು ಹಾಕುತ್ತಿದ್ದಳು.

ನನಗೆ ಅವಳ ಸಂಗ ಸರಿಯಾಗಿ ದೊರೆತದ್ದು ನಿವೃತ್ತಿಯಾದ ಮೇಲೆ. ಮೂವತ್ತು ವರ್ಷ ಅರ್ಧ ಮಿಲಿಮೀಟರಿಗೆ ಜಗಳವಾಡಿದ ಕೈ ಸುಮ್ಮನೆ ಕೂರಲಾರದೆ ಹೋಯಿತು. ಮೊಬೈಲಿನಲ್ಲಿ ಪರದೇಶದ ಹೆಂಗಸರು ತುಂಡು ಬಟ್ಟೆ ಜೋಡಿಸುವುದನ್ನು ನೋಡಿ ನೋಡಿ ಹುಚ್ಚು ಹಿಡಿಸಿಕೊಂಡೆ. ಚಕ್ರದಂಥ ಕತ್ತರಿ, ಗೆರೆಗಳಿರುವ ಚಾಪೆ, ಪಾರದರ್ಶಕ ಸ್ಕೇಲು ಎಲ್ಲ ತರಿಸಿದೆ. ಉಲ್ಹಾಸನಗರಕ್ಕೆ ಹೋಗಿ ಹೊಸ ಕಟ್‌ಪೀಸುಗಳನ್ನು ಎರಡು ಚೀಲ ತುಂಬಿಸಿಕೊಂಡು ಬಂದೆ. ಕಾಶಕ್ಕ ಚೀಲದೊಳಗೆ ಕೈ ಹಾಕಿ, ತಿಕ್ಕಿ ನೋಡಿ, ಮುಖ ಹುಳ್ಳಗೆ ಮಾಡಿದಳು.

"ಹೊಸಾ ಅರಿವಿಗಿ ಏನ ಗೊತ್ತಿರತೈತಿ ತಂಗಿ? ಅದು ಇನ್ನಾ ಯಾರ ಮೈನೂ ಕಂಡಿಲ್ಲ."

ಹಾಗೆಂದು ಅವಳು ಹೊಸತೆಲ್ಲ ಕೆಟ್ಟದ್ದು ಎನ್ನುವ ಪೈಕಿಯಲ್ಲ. ಬಟ್ಟೆ ಹಳೆಯದಿರಬೇಕು, ಚಿತ್ತಾರ ಹೊಸದಿದ್ದರೆ ಅವಳಿಗೆ ಹಬ್ಬ. ಮಧ್ಯಾಹ್ನ ಊಟವಾದದ್ದೇ ಮೆಟ್ಟಿಲು ಹತ್ತಿ ಬಂದು, "ಆ ಮೊಬೈಲದಾಗಿನ ಹೆಣಮಗಳು ಇವತ್ತೇನ ಮಾಡ್ಯಾಳ, ತೋರಸು" ಎಂದು ಕೂರುತ್ತಿದ್ದಳು. ಒಮ್ಮೆ ನೋಡಿದರೆ ಸಾಕು, ಕೈಗೆ ಬಂದುಬಿಡುತ್ತಿತ್ತು. ಹೆಸರು ಮಾತ್ರ ತನ್ನದೇ. ನಡುವೆ ಒಂದು ಚೌಕವಿಟ್ಟು ಸುತ್ತಲೂ ಪಟ್ಟಿ ಕೂಡಿಸುತ್ತ ಹೋಗುವ ನಮೂನೆಗೆ ಬಾವಿಕಟ್ಟಿ. ಸಾಲು ತ್ರಿಕೋನಗಳಿಗೆ ಸಮೋಸಾ. ಬಾಗಿದ ಅಂಚಿನ ತುಂಡುಗಳಿಗೆ ಕರ್ಚಿಕಾಯಿ. "ಇವತ್ತ ಎಂಟ ಸಮೋಸಾ ಆದೂ" ಎಂದು ಅವಳು ಕೆಳಗಿನಿಂದ ಕೂಗಿ ಹೇಳಿದ್ದನ್ನು ಕೇಳಿ ನಮ್ಮವರು ತಟ್ಟೆ ಹಿಡಿದುಕೊಂಡು ಇಳಿದುಹೋದದ್ದೂ ಉಂಟು.

ನನ್ನ ಮೊದಲ ಕೌದಿ ಮಗಳ ಬಾಣಂತನಕ್ಕೆ ಹೊಲಿದದ್ದು. ಕೊನೆಗೆ ಒಂದು ಮೂಲೆ ಉಳಿದಾಗ ಕಾಶಕ್ಕ ನನ್ನ ಕೈ ತಡೆದಳು. ಅವಳ ಕಡೆಯ ಪದ್ಧತಿಯಂತೆ ಕಡೆಯ ಮೂಲೆ ಮುಚ್ಚುವ ಮುನ್ನ ಕೌದಿಗೆ ಉಣಿಸಬೇಕು, ಎಂದರೆ ರೊಟ್ಟಿಯ ಒಂದು ಚೂರನ್ನು ಒಳಗಿಟ್ಟು ಹೊಲಿಯಬೇಕು. "ಉಪಾಸ ಇದ್ದ ಕೌದಿ ಹೊತಗೊಂಡವರಿಗೆ ಏನ ಬೆಚ್ಚಗ ಮಾಡೀತು?" ಎಂದಳು. ನನಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಮೊಮ್ಮಗುವಿನ ಕೌದಿಗೆ ಒಣರೊಟ್ಟಿ ಯಾಕೆ ಎಂದುಕೊಂಡು, ಅವಳಿಗೆ ಹೇಳದೆ ತುಪ್ಪ ಸವರಿದ ಹೋಳಿಗೆಯ ಒಂದು ಕಾಲುಭಾಗವನ್ನೇ ಮಡಚಿ ತುರುಕಿ ಹೊಲಿದೆ. ನಾಲ್ಕನೆಯ ದಿನ ತೊಟ್ಟಿಲ ಮನೆಗೆ ಇರುವೆಗಳ ದಿಬ್ಬಣ ಬಂತು. ಮಗಳು ಮಗುವನ್ನು ಎತ್ತಿಕೊಂಡು ಮಂಚ ಹತ್ತಿದಳು, ನಮ್ಮವರು ಅರಸಿನ ಹುಡಿ ಹಿಡಿದು ಇರುವೆಗಳ ಹಿಂದೆ ಓಡಿದರು, ನಾನು ಕೌದಿಯನ್ನು ಬಾಲ್ಕನಿಯಲ್ಲಿ ಒದರುತ್ತಿದ್ದೆ. ಕೆಳಗೆ ನಿಂತಿದ್ದ ಕಾಶಕ್ಕನಿಗೆ ವಿಷಯ ತಿಳಿದು, ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಉಣಸು ಅಂದ್ರ ಒಂದ ಕಾಳಷ್ಟ ತಂಗಿ! ನೀ ಊರೂಟಾನ ಹಾಕಿಸಿದಿ!"

ಅಂದಿನಿಂದ ಕಟ್ಟಡದಲ್ಲಿ ಯಾರ ಮನೆಗೆ ಇರುವೆ ಬಂದರೂ ನನ್ನ ಹೆಸರು.

ಹೀಗೆ ಮೂರು ವರ್ಷ ಕಳೆದಿರಬೇಕು, ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಮೇ ತಿಂಗಳ ಕೊನೆಗೆ ಎಲ್ಲರೂ ಮನೆ ಖಾಲಿ ಮಾಡಬೇಕು. ನಮಗೆ ಕಲ್ಯಾಣದಲ್ಲಿ ಬಾಡಿಗೆ ಮನೆ ಗೊತ್ತಾಯಿತು, ಕಾಶಕ್ಕನ ಮಗ ಸೊಸೆ ದಿವಾದಲ್ಲಿ ಹುಡುಕಿಕೊಂಡರು. ಮೀಟಿಂಗ್ ಮುಗಿದು ಎಲ್ಲರೂ ಮುಖ ಇಳಿಬಿಟ್ಟು ಮೆಟ್ಟಿಲಲ್ಲಿ ನಿಂತಿದ್ದಾಗ ಕಾಶಕ್ಕ ಎಲ್ಲರೆದುರು ಪಣ ತೊಟ್ಟಳು.

"ಎಂಟ ಮನಿ, ಎಂಟ ಮೂಲಿ ಚುಕ್ಕಿ. ಮನಿಗಿ ಒಂದ ಅರಿವಿ ಕೊಡ್ರಿ. ಬಿಟ್ಟ ಹೋಗೂ ದಿನಕ್ಕ ಮುಗಸ್ತೀನಿ. ನಡಕ ಎಂಟೂ ಕೂಡಿ, ಸ್ಲ್ಯಾಬ್ ಇದ್ದಂಗ ಸಪಾಟ ಇರಬೇಕು. ಅದೂ ಒಂದ ಅಳತಿಪಟ್ಟಿ ಮುಟ್ಟದನ!"

ಚುಕ್ಕಿ ಎಂದರೆ ಅವಳ ಮಾತಿನಲ್ಲಿ ನಕ್ಷತ್ರ. ಕೊನೆಯ ಮಾತು ನನಗೇ ಹೇಳಿದ್ದು. ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಸ್ಕೇಲ್ ಇಲ್ಲದೆ ಅದು ಕೂಡುದಿಲ್ಲ ಕಾಶಕ್ಕ. ಒಂದೊಂದರಲ್ಲಿ ಒಂದು ನೂಲು ತಪ್ಪಿದ್ರೂ ನಡುವಿಗೆ ಬರುವಾಗ ಎಂಟು ನೂಲು ಆಗ್ತದೆ" ಎಂದೆ.

ಅವಳು ಒಳಗೆ ಹೋಗಿ ಡಬ್ಬಿಯಿಂದ ಒಂದು ಮೆತ್ತನೆಯ ಜೋಳದ ರೊಟ್ಟಿ ತಂದಳು. "ಒಮ್ಮೆ ಮಡಚಿದ್ರ ಎರಡು. ಮತ್ತ ಮಡಚಿದ್ರ ನಾಕು. ಇನ್ನೊಮ್ಮೆ ಮಡಚಿದ್ರ ಎಂಟು. ಇದಕ್ಕ ನಿನ್ನ ರಬಾಳೆ ಫ್ಯಾಕ್ಟರಿ ಬೇಕಾತೇನು?" ಎಂದು ಮಡಚಿದ ರೊಟ್ಟಿಯನ್ನು ನನ್ನ ಕೈಗಿಟ್ಟಳು. ನಲವತ್ತೈದು ಡಿಗ್ರಿ, ತಕರಾರಿಲ್ಲ. ನಾನು ಪೆಚ್ಚಾಗಿ ಅದನ್ನು ತಿಂದೆ.

ಬಟ್ಟೆಗಳು ಬಂದವು. ಜೋಶಿ ಕಾಕುವಿನ ಒಂಬತ್ತು ಗಜದ ನೂಲಿನ ನೌವಾರಿ ಸೀರೆ, ಗುಜರಾತಿ ಮನೆಯ ಬಾಂಧನಿ ಸೀರೆ, ಎದುರು ಮನೆಯವರ ಜೀನ್ಸು, ಕಾಶಕ್ಕನದೇ ಒಂದು ಇಳಕಲ್. ನಾನು ಕೊಟ್ಟದ್ದು ಮೊದಲ ದಿನ ಅವಳು ಹಿಡಿದು ನಿಲ್ಲಿಸಿದ ಅದೇ ಸೀರೆ. ಅದನ್ನು ಕೆನ್ನೆಗೆ ಒತ್ತಿಕೊಂಡು, "ಹದಿನೆಂಟ ವರ್ಷ ಕಾದೆ" ಎಂದಳು.

ಆದರೆ ರೊಟ್ಟಿಯ ಕೋನ ಸರಿಯಿದ್ದರೇನು, ಜೀನ್ಸು ಬಗ್ಗುವುದಿಲ್ಲ, ಬಾಂಧನಿ ಎಳೆದಲ್ಲಿಗೆ ಬರುತ್ತದೆ, ಸವೆದ ನೌವಾರಿ ಹಿಂಜುತ್ತದೆ. ಮೊದಲ ಸಲ ಕೂಡಿಸಿದಾಗ ಚುಕ್ಕಿಯ ನಡು ಇಡ್ಲಿಯ ಹಾಗೆ ಉಬ್ಬಿ ನಿಂತಿತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಇಡ್ಲಿ. ಮೂರನೆಯ ಸಲಕ್ಕೆ ಅವಳ ನಗು ಕಡಿಮೆಯಾಯಿತು. ಮನೆ ಬಿಡಲು ಹತ್ತು ದಿನ ಉಳಿದಿತ್ತು. ನನಗೆ ನೋಡಲಾಗಲಿಲ್ಲ. ನಮ್ಮವರ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆ ಗಟ್ಟಿಯಾಗಿ, ತೆಳ್ಳಗೆ, ಇಂಥದ್ದಕ್ಕೆ ಹೇಳಿ ಮಾಡಿಸಿದಂತಿತ್ತು. ಅದರಿಂದ ಚುಕ್ಕಿಯ ಒಂದು ಮೂಲೆಯ ಅಚ್ಚನ್ನು ಕರಾರುವಾಕ್ಕಾಗಿ ಕತ್ತರಿಸಿ, ತುದಿಯಲ್ಲಿ ಬಿಳಿ ಪೆನ್ನಿನಿಂದ ಕೋನ ಬರೆದು, ಹೊಲಿಗೆಯ ಗೆರೆಯನ್ನೂ ಎಳೆದು ತೆಗೆದುಕೊಂಡು ಹೋದೆ. ಅವಳ ಬಾಗಿಲಲ್ಲಿ ನಾಲ್ಕು ಮನೆಯವರು ಕುಳಿತಿದ್ದರು. ಕಾಶಕ್ಕ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಾರ ಎಲಬ ಇದು?"

"ಇವರ ಮೊಣಕಾಲಿಂದು."

"ಅವರ ಮೊಣಕಾಲು ಅವರನ್ನ ಮೆಟ್ಟಲಾ ಹತ್ತಸವಲ್ದು, ನನ್ನ ಚುಕ್ಕಿ ನಿಂದರಸತೈತೇನು!" ಎಂದು ಚಿಂದಿಯ ಬುಟ್ಟಿಗೆ ಎಸೆದಳು. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿ ಮೇಲೆ ಬಂದೆ. ನಿಜ ಹೇಳಬೇಕೆಂದರೆ ಬಹಳ ನೋವಾಯಿತು. ಇಷ್ಟು ವರ್ಷ ಅವಳಿಂದ ಕಲಿತೆ, ನನ್ನ ಕೈಯ ಒಂದು ವಿದ್ಯೆಯಾದರೂ ಅವಳಿಗೆ ಬೇಡವಾಯಿತೇ ಎಂದು. ಆ ವಾರವಿಡೀ ಕೆಳಗೆ ಕಾಲಿಡಲಿಲ್ಲ. ಅವಳೂ ಮಧ್ಯಾಹ್ನ ಮೇಲೆ ಬರಲಿಲ್ಲ.

ಖಾಲಿ ಮಾಡುವ ದಿನ ಬೆಳಿಗ್ಗೆ ಟೆಂಪೋಗಳು ಬಂದು ನಿಂತವು. ಕಾಶಕ್ಕನ ಮೊಮ್ಮಗಳು ಪೂಜಾ ಎಲ್ಲರ ಬಾಗಿಲು ಬಡಿದು ಕರೆದಳು. ಕೆಳಗೆ ಸ್ಕೂಟರುಗಳನ್ನು ಸರಿಸಿ ಕೌದಿ ಹಾಸಿತ್ತು. ಎಂಥ ಕೌದಿ! ಎಂಟು ಮೂಲೆಯ ಚುಕ್ಕಿ ಆ ನೆಲವನ್ನೇ ಬೆಳಗುತ್ತಿತ್ತು. ನಡುವೆ ಮಾತ್ರ ಇಳಕಲ್ ಸೆರಗಿನ ಒಂದು ದುಂಡನೆಯ ಬಿಲ್ಲೆ ಹಚ್ಚಿದ್ದಳು, ಅದು ಚೂರು ಉಬ್ಬಿತ್ತು.

"ಎಂಟ ಮನಿ ಮಂದಿ ಒಂದ ಕಡೆ ಕೂಡಿದ್ರ ನಡಕ ಒಂದೀಟು ಉಬ್ಬೂದ ಸೈ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಡದ್ದಕ್ಕೆ ಬಿಲ್ಲೆ ಹಚ್ಚಿ ಮುಚ್ಚಿದ್ದಾಳೆ ಎಂದು ನನಗೆ ಕೂಡಲೇ ಅನಿಸಿತು. ಗೆದ್ದೆ ಎಂದು ಒಂದು ಕ್ಷಣ ಹಿಗ್ಗಿದ್ದೂ ಸುಳ್ಳಲ್ಲ.

ಕಡೆಯ ಮೂಲೆ ತೆರೆದಿತ್ತು. ಮನೆಗೊಂದು ತುತ್ತು ತರಬೇಕೆಂದು ಅಪ್ಪಣೆಯಾಯಿತು. ಚಪಾತಿ, ಥೇಪ್ಲಾ, ಭಾಕ್ರಿ, ಎಲ್ಲ ಬಂತು. ನಾನು ಎಳ್ಳಿನಷ್ಟು ಒಣದೋಸೆಯ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ತಂದಾಗ, "ಈಕಿ ಕಲತಾಳ ನೋಡ್ರಿ!" ಎಂದು ಕಾಶಕ್ಕ ಕೂಗಿದಳು. ಕಟ್ಟಡವೆಲ್ಲ ನಕ್ಕಿತು, ಈ ಸಲ ನಾನು ಮನಸಾರೆ ನಕ್ಕೆ. ಹೊಸ ಕಟ್ಟಡ ಏಳುವವರೆಗೆ ಕೌದಿ ಒಂದೊಂದು ಮನೆಯಲ್ಲಿ ಎರಡೆರಡು ತಿಂಗಳು ಇರಬೇಕೆಂದು ಅವಳೇ ಪಾಳಿ ಹಚ್ಚಿದಳು. ನನ್ನದು ಎಲ್ಲರಿಗಿಂತ ಕೊನೆಗೆ.

"ಸಿಟ್ಟ ಹೋತಿಲ್ಲೊ?" ಎಂದು ಟೆಂಪೋ ಹತ್ತುವ ಮೊದಲು ಕೇಳಿದಳು.

"ಸಿಟ್ಟು ಎಂತದೂ ಇಲ್ಲ" ಎಂದೆ.

"ಐತಿ. ಇರಲಿ, ಕೌದಿ ನಿನ್ನ ಮನಿಗಿ ಬರೂತನಕಾ ಇಟಗೊ" ಎಂದು ನನ್ನ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ, ತಲೆಯಾಡಿಸಿ, ಹತ್ತಿ ಕೂತಳು. ಆಮೇಲೆ ಫೋನಿನಲ್ಲಿ ಎಷ್ಟೋ ಮಾತಾಡಿದೆವು, ಮುಖ ನೋಡಿದ್ದು ಅದೇ ಕೊನೆ. ಕಲ್ಯಾಣಕ್ಕೂ ದಿವಾಕ್ಕೂ ನಡುವೆ ಇರುವುದು ಮೂರೇ ನಿಲ್ದಾಣ. ನಾಳೆ ಹೋದರಾಯಿತು ಎನ್ನುತ್ತಲೇ ಉಳಿದುಬಿಟ್ಟೆ. ಕಳೆದ ಚಳಿಗಾಲ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ.

ಮೊನ್ನೆ ನನ್ನ ಪಾಳಿ ಬಂತು. ಪೂಜಾ ಕೌದಿ ತಂದು ಕೊಟ್ಟು, ಚಹಾ ಕುಡಿದು ಹೋದಳು. ನಾನು ಹಾಸಿಗೆಯ ಮೇಲೆ ಹಾಸಿ ನೋಡಿದೆ. ಆ ಉಬ್ಬು ನನ್ನನ್ನೇ ಅಣಕಿಸುವಂತಿತ್ತು. ನನ್ನ ಕೈ ಕೇಳಬೇಕಲ್ಲ! ನಡು ಒಂದನ್ನು ಸರಿಮಾಡಿ ಕೊಟ್ಟರೆ ಅವಳ ಹೆಸರಿಗೇ ಒಳ್ಳೆಯದು ಎಂದು ನೆವ ಹೇಳಿಕೊಂಡು, ಸಣ್ಣ ಕತ್ತರಿಯಿಂದ ಬಿಲ್ಲೆಯ ಹೊಲಿಗೆ ಬಿಚ್ಚಿದೆ.

ಒಳಗೆ ಎಂಟು ತುದಿಗಳೂ ಒಂದೇ ಬಿಂದುವಿನಲ್ಲಿ ಕೂಡಿದ್ದವು. ಒಂದು ನೂಲು ಆಚೆಯಿಲ್ಲ, ಒಂದು ನೂಲು ಈಚೆಯಿಲ್ಲ. ನೆಲದಂತೆ ಸಪಾಟು. ಉಬ್ಬಿಗೆ ಕಾರಣವಾದದ್ದು ಅದರ ಮೇಲೆ ಇಟ್ಟಿದ್ದ ಒಂದು ಕಪ್ಪು ಚೂರು. ಎತ್ತಿ ಬೆಳಕಿಗೆ ಹಿಡಿದರೆ ನಮ್ಮವರ ಮೊಣಕಾಲಿನ ಎಲುಬಿನ ನೆರಳು, ತುದಿಯಲ್ಲಿ ನನ್ನದೇ ಬಿಳಿ ಅಕ್ಷರದಲ್ಲಿ ಕೋನದ ಅಂಕಿ. ಎಸೆದ ಅಚ್ಚನ್ನು ಬುಟ್ಟಿಯಿಂದ ಎತ್ತಿಕೊಂಡು, ಅದರಿಂದಲೇ ಚುಕ್ಕಿ ಕೂಡಿಸಿ, ಪಣ ತೊಟ್ಟ ಮರ್ಯಾದೆಗಾಗಿ ಊರಿಗೆ ಹೇಳದೆ, ಅದರ ತುದಿಯನ್ನಷ್ಟೇ ಕತ್ತರಿಸಿ ನನಗಾಗಿ ಇಟ್ಟು ಹೋಗಿದ್ದಳು. ನಾನು ಹಾಸಿಗೆಯ ಮೇಲೆ ಕುಳಿತು ಗಟ್ಟಿಯಾಗಿ ನಕ್ಕೆ, ಅತ್ತೆ, ಮತ್ತೆ ನಕ್ಕೆ. ಏನಾಯಿತೆಂದು ನಮ್ಮವರು ಕುಂಟುತ್ತ ಓಡಿ ಬಂದರು.

ಪೂಜಾಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ "ಆಂಟಿ, ಖೋಲ್ ದಿಯಾ ನಾ?" ಎಂದಳು, ಬಿಚ್ಚಿಯೇ ಬಿಟ್ಟಿರಲ್ಲ ಎನ್ನುವ ಹಾಗೆ. ಹಿಂದಿ ಮರಾಠಿಯಲ್ಲೇ ಮಾತಾಡುವ ಹುಡುಗಿ, ಅಜ್ಜಿಯ ಮಾತನ್ನು ಅಜ್ಜಿಯ ದನಿಯಲ್ಲೇ ಒಪ್ಪಿಸಿದಳು: "ಆಜಿ ಬೋಲೀ ಥೀ, 'ತಂಗಿ ನಡಕ ಬಿಚ್ಚದ ಬಿಡಾಕಿ ಅಲ್ಲ. ಬಿಚ್ಚಿದ ದಿನ ಫೋನ್ ಮಾಡತಾಳ. ಉಪಾಸ ಹೊಲೀಬ್ಯಾಡ, ಉಣಸಿ ಹೊಲಿ ಅಂತ ಹೇಳು.'"

ಅಡುಗೆಮನೆಯಲ್ಲಿ ಇದ್ದದ್ದು ಬೆಳಗಿನ ಒಂದು ನೀರುದೋಸೆ. ಅದರ ಚೂರನ್ನು ಕಾವಲಿಯ ಮೇಲೆ ಗರಿಗರಿ ಮಾಡಿ, ಎಳ್ಳಿನಷ್ಟು ಮುರಿದು, ಮೊಣಕಾಲಿನ ತುಂಡಿನ ಪಕ್ಕದಲ್ಲಿಟ್ಟು ಬಿಲ್ಲೆಯನ್ನು ಮೊದಲಿನಂತೆಯೇ ಹೊಲಿದೆ. ಮರುದಿನ ಎದ್ದವಳು ಮೊದಲು ನೋಡಿದ್ದು ಇರುವೆ ಬಂದಿದೆಯೇ ಎಂದು. ಒಂದೇ ಒಂದು ಬಂದು ಬಿಲ್ಲೆಯ ಸುತ್ತ ತಿರುಗುತ್ತಿತ್ತು. ನಾನು ಅದನ್ನು ಓಡಿಸಲಿಲ್ಲ.