ಎಮ್ಮಿಗನೂರಿನ ಹಿಟ್ಟು

ಚಿತ್ತವಾಡ್ಗಿಯ ಪಂಪಮ್ಮನ ಮನೆಯಲ್ಲಿ ಉಪವಾಸದ ದಿನ ಬಂತೆಂದರೆ ಹಿರಿಸೊಸೆ ಜಂಬಮ್ಮನದೇ ದರ್ಬಾರು. ಉಳಿದ ದಿನ ರೊಟ್ಟಿ ಯಾರು ಬಡಿದರೂ ನಡೆಯುತ್ತಿತ್ತು. ಆದರೆ ಸೋಮವಾರ, ಶಿವರಾತ್ರಿಗಳಲ್ಲಿ ಪಂಪಮ್ಮ ಜೋಳ, ಅಕ್ಕಿ, ಗೋಧಿ ಒಂದನ್ನೂ ಮುಟ್ಟುತ್ತಿರಲಿಲ್ಲ. ಅಂದು ಫಳಾರ ಮಾಡಿ ಅತ್ತೆಯ ಅಂಗೈಗೆ ಮೊದಲ ತುತ್ತು ಇಡುವುದು ಜಂಬಮ್ಮನ ಹಕ್ಕು. ಸುಗಂಧಿ ಬಾಳೆಹಣ್ಣನ್ನು ಬೆಲ್ಲದ ಪಾಕದಲ್ಲಿ ಕುದಿಸಿ ಕುದಿಸಿ, ತಿಂದವರ ತುಟಿಗೆ ತುಟಿ ಅಂಟುವಂತೆ ಮಾಡುತ್ತಿದ್ದಳು. ಓಣಿಯವರು ಹೊಗಳುತ್ತಿದ್ದರು. ಹೊಗಳದವರಿಗೆ ಮುಂದಿನ ಸಲ ಸಿಗುತ್ತಿರಲಿಲ್ಲ.

ಹೀಗಿರುವಾಗ ನಲವತ್ತೆರಡರ ಚಳವಳಿ ಬಂತು. ಪಂಪಮ್ಮನ ಕಿರಿಮಗ ಗಾದಿಲಿಂಗಪ್ಪ, ಎಮ್ಮಿಗನೂರಿನಲ್ಲಿ ಮಾವನ ಗದ್ದೆ, ತೋಟ ನೋಡಿಕೊಂಡಿದ್ದವನು, ಸರ್ಕಾರದ ಟೆಲಿಗ್ರಾಫ್ ತಂತಿ ಕಡಿದು ಜೈಲು ಸೇರಿದ. ಅವನ ಹೆಂಡತಿ ಉಚ್ಚೆಂಗಮ್ಮನನ್ನು ಪಂಪಮ್ಮ ಚಿತ್ತವಾಡ್ಗಿಗೆ ಕರೆಸಿಕೊಂಡಳು.

ಬಂದವಳು ಮಾತು ಕಡಿಮೆಯವಳು. ಬೈಯಲಿಕ್ಕೆ ಒಂದು ನೆವ ಸಿಗದಂತೆ ಕೆಲಸ ಮಾಡುತ್ತಿದ್ದಳು. ಜಂಬಮ್ಮನಿಗೆ ಅದೇ ದೊಡ್ಡ ಸಂಕಟ. ಮೇಲಾಗಿ ಖಾದಿ ಟೋಪಿಯವರು ಆಗಾಗ ಬಂದು ಕಟ್ಟೆಯ ಮೇಲೆ ಕುಳಿತು, "ದೇಶಕ್ಕಾಗಿ ಗಂಡನ್ನ ಕಳಿಸಿದ ತಾಯಿ" ಎಂದು ಉಚ್ಚೆಂಗಮ್ಮನಿಗೆ ಕೈಮುಗಿದು ಹೋಗುತ್ತಿದ್ದರು. ಅವರಿಗೆಲ್ಲ ಚಹಾ ಕಾಸಿ ಕೊಟ್ಟವಳು ಜಂಬಮ್ಮ. ಅವಳಿಗೆ ಯಾರೂ ಕೈಮುಗಿಯಲಿಲ್ಲ.

ಒಂದು ದಿನ ತಡೆಯಲಾರದೆ ಗಂಡ ದೊಡ್ಡಬಸಪ್ಪನನ್ನೇ ಕೇಳಿದಳು: "ನೀವೂ ಒಂದು ತಂತಿ ಕಡೀಬಾರದಾಗಿತ್ತೇನ್ರಿ?"

ಅಕ್ಕಿ ಗಿರಣಿಯಿಂದ ಮೈತುಂಬ ತೌಡು ಹೊತ್ತು ಬಂದಿದ್ದ ದೊಡ್ಡಬಸಪ್ಪ ಹೌಹಾರಿದ. "ನಿನಗೇನು ಹುಚ್ಚು ಹಿಡದೈತೇನ? ಮೊದಲು ನೀರು ಕೊಡು."

ಊರಿಗೆ ಸ್ವರಾಜ್ಯ ಇನ್ನೂ ಬಂದಿರಲಿಲ್ಲ. ಜಂಬಮ್ಮನ ಒಲೆಯ ಮೇಲಿನ ರಾಜ್ಯ ಮಾತ್ರ ಆಗಲೇ ಕೈಬಿಡುತ್ತಿತ್ತು.

ಅದು ಪೂರ್ತಿ ಕೈಬಿಟ್ಟದ್ದು ಅವಳು ಕಮಲಾಪುರದ ತವರಿಗೆ ಹೋಗಿದ್ದ ಒಂದು ಸೋಮವಾರ. ಸಂಜೆ ತಿರುಗಿ ಬಂದಾಗ ಅತ್ತೆ ಹಿತ್ತಾಳೆ ಬೋಗುಣಿಯ ತಳ ಕೆರೆಯುತ್ತ ಕುಳಿತಿದ್ದಳು. ಒಲೆಯ ಮುಂದೆ ಸಗಣಿ ಕುಳ್ಳಿನ ಬೂದಿ, ಮುಚ್ಚಳದ ಮೇಲೂ ಬೂದಿ. ಮನೆಯೆಲ್ಲ ಸುಟ್ಟ ಬಾಳೆ ಎಲೆಯ ವಾಸನೆ, ಅದರ ಬೆನ್ನಿಗೆ ತುಪ್ಪ, ಏಲಕ್ಕಿ.

"ಬಾ ಜಂಬಿ," ಎಂದಳು ಪಂಪಮ್ಮ, ಬಾಯಿ ಚಪ್ಪರಿಸುತ್ತ. "ಉಚ್ಚೆಂಗಿ ಫಳಾರ ಸುಟ್ಟಿದ್ಲು. ಮ್ಯಾಲೆ ಕೆಂಡ, ಕೆಳಗ ಕೆಂಡ. ಹಲ್ಲಿಲ್ಲದ ಬಾಯಿಗೆ ಬೆಣ್ಣಿ ಆಗೈತಿ ನೋಡು. ಬೆಲ್ಲ ಹಾಕ್ಯಾಳೋ ಇಲ್ಲೋ ಅನ್ನೋಹಂಗ ಹಾಕ್ಯಾಳ. ಇವತ್ತು ಹಣ್ಣು ತಿಂದಂಗಾತು. ಇಷ್ಟು ದಿನ ಬೆಲ್ಲ ತಿಂತಿದ್ನಿ."

"ಚಲೋ ಆತು ಬಿಡ್ರಿ ಅತ್ತಿ," ಎಂದಳು ಜಂಬಮ್ಮ. ಕಾಲು ತೊಳೆಯಲು ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಂದೇ ಕಾಲು ತೊಳೆದಳು.

ಮುಂದಿನ ಸೋಮವಾರಗಳೆಲ್ಲ ಉಚ್ಚೆಂಗಮ್ಮನ ಪಾಲಾದವು. ಯುದ್ಧಕಾಲ, ಬೆಲ್ಲ ಸಿಗುವುದೇ ಕಷ್ಟವಿತ್ತು. ಕಡಿಮೆ ಬೆಲ್ಲದ ಫಳಾರ ಮನೆಗೆ ಹಿತವೇ. ಆದರೆ ಶಿವರಾತ್ರಿಯನ್ನೂ ಬಿಟ್ಟುಕೊಟ್ಟರೆ ತಾನು ಈ ಮನೆಯಲ್ಲಿ ಕಸಗುಡಿಸುವವಳು ಎಂದು ಜಂಬಮ್ಮ ಲೆಕ್ಕ ಹಾಕಿದಳು. ಶಿವರಾತ್ರಿಗೆ ಮನೆತನದ ಗುರುಗಳಾದ ಅಯ್ಯನವರು ಬರುತ್ತಾರೆ, ಓಣಿಯ ಹೆಂಗಸರು ಬರುತ್ತಾರೆ. ಅಷ್ಟು ಮಂದಿಯ ಮುಂದೆ ಅತ್ತೆ ಯಾರ ಕೈಯ ತುತ್ತು ತಿನ್ನುತ್ತಾಳೋ ಅವಳೇ ಹಿರಿಯಳು.

ಅವಳು ಉಚ್ಚೆಂಗಮ್ಮನನ್ನು ಕಾಯತೊಡಗಿದಳು. ಹಣ್ಣು ಕಿವುಚುವುದು ಕಂಡಿತು, ಕೊಬ್ಬರಿ ತುರಿಯುವುದು ಕಂಡಿತು. ಕಿವುಚಿದ ಹಣ್ಣು ನೀರಾಗದೆ ಹೋಳು ಹೋಳಾಗಿ ಕೊಯ್ಯಲು ಬರುವಷ್ಟು ಗಟ್ಟಿಯಾಗುವುದು ಹೇಗೆಂಬುದು ಮಾತ್ರ ತಿಳಿಯಲಿಲ್ಲ. ಕೇಳಿದ್ದರೆ ಆ ಹುಡುಗಿ ಹೇಳುತ್ತಿದ್ದಳು. ಕೇಳಲು ಜಂಬಮ್ಮನ ನಾಲಿಗೆ ಹೊರಳಲಿಲ್ಲ.

ಶಿವರಾತ್ರಿಯ ಹಿಂದಿನ ದಿನ ಉಚ್ಚೆಂಗಮ್ಮನ ಅಣ್ಣ ಎಮ್ಮಿಗನೂರಿನಿಂದ ಬಂಡಿ ಹೊಡೆದುಕೊಂಡು ಬಂದ. ಹಿತ್ತಲ ಗೋಡೆಯಾಚೆ ತಂಗಿಯ ದನಿ ಕೇಳಿತು: "ಹಿಟ್ಟು ತಂದೀಯೇನಣ್ಣ? ತೀರಿಬಿಟ್ಟಿತ್ತು. ಹಿಟ್ಟಿಲ್ದ ನಾಳೆ ಫಳಾರ ಹೆಂಗ ಗಟ್ಟಿ ಆಗಬೇಕು?"

ಗೋಡೆಯೀಚೆ ಜಂಬಮ್ಮನ ಮುಖ ಅರಳಿತು. ಹಿಟ್ಟು! ಉಪವಾಸದ ಫಳಾರದಲ್ಲಿ ಹಿಟ್ಟು! ನಮ್ಮ ಕಡೆ ಹಿಟ್ಟು ಎಂದರೆ ಜೋಳದ ಹಿಟ್ಟೇ, ಬೇರೆ ಹೆಸರು ಬೇಕಿಲ್ಲ. ಅವಳು ಗಂಡನಿಗೂ ಹೇಳಲಿಲ್ಲ. ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಕಾದಳು.

ಮರುದಿನ ಸಂಜೆ ಪಡಸಾಲೆ ತುಂಬಿತ್ತು. ಅಯ್ಯನವರಾದ ಕೊಟ್ರಯ್ಯ ಕಂಬಳಿಯ ಮೇಲೆ ಕುಳಿತಿದ್ದರು. ಉಚ್ಚೆಂಗಮ್ಮ ಬೋಗುಣಿಯ ಮೇಲಿನ ಕೆಂಡ ಜಾಡಿಸಿ ಮುಚ್ಚಳ ತೆಗೆದಳು. ಅಂಚು ಕೆಂಪಗೆ ಹುರಿದು ನಡುವೆ ಮೆತ್ತಗಿದ್ದ ಫಳಾರವನ್ನು ಎಲೆಯ ಮೇಲೆ ಇಟ್ಟು ತಂದಳು. ಅಯ್ಯನವರು ಕೈ ಚಾಚಿದರು.

"ಅಯ್ಯಾರ, ಮುಟ್ಟಬ್ಯಾಡ್ರಿ! ಅದರಾಗ ಹಿಟ್ಟೈತ್ರಿ!" ಎಂದಳು ಜಂಬಮ್ಮ.

ಅಯ್ಯನವರ ಕೈ ಅಲ್ಲೇ ನಿಂತಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಹೌದೇನವ್ವ?" ಎಂದರು ಕೊಟ್ರಯ್ಯ.

"ಹೌದ್ರಿ, ಹಿಟ್ಟೈತ್ರಿ," ಎಂದಳು ಉಚ್ಚೆಂಗಮ್ಮ, ಏನೂ ಆಗದವಳಂತೆ.

"ಕೇಳಿದ್ರಲ್ಲ? ಅಕೀ ಬಾಯಾಗ ಕೇಳಿದ್ರಲ್ಲ? ಅಷ್ಟು ಸೋಮವಾರ ನಮ್ಮತ್ತಿ ಉಪಾಸ ಕೆಡಿಸ್ಯಾಳ. ಜೈಲಿಗೆ ಹೋದವರ ಹೆಂಡ್ತಿ ಅಂತ ಎಲ್ಲಾರೂ ನೆತ್ತಿ ಮ್ಯಾಲೆ ಕುಂದ್ರಿಸಿದ್ರಿ!"

ಉಚ್ಚೆಂಗಮ್ಮ ಒಳಗೆ ಹೋಗಿ ಒಂದು ಅರಿವೆ ಗಂಟು ತಂದು ಅತ್ತೆಯ ಮುಂದೆ ಬಿಚ್ಚಿದಳು. ಪಂಪಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಬೆರಳು ಒದ್ದೆ ಮಾಡಿ ಹಿಟ್ಟಿಗೆ ಅದ್ದಿ ನಾಲಿಗೆಗೆ ಹಚ್ಚಿದಳು. ಮುಖ ಕಿವುಚಿತು.

"ಒಗರು! ಬಾಳಿಕಾಯಿ ಒಣಗಿಸಿದ ಹಿಟ್ಟಲ್ಲೇನ ಇದು?"

"ಹೌದ್ರಿ ಅತ್ತಿ. ನಮ್ಮ ತ್ವಾಟದ ಕಾಯಿ. ಸುಲದು, ಹೋಳು ಮಾಡಿ, ಬಿಸಲಿಗೆ ಹಾಕಿದ್ದು."

ಜಂಬಮ್ಮ ಸೋಲಲಿಲ್ಲ. "ಬೀಸಿದ್ದು ಯಾವ ಕಲ್ಲಾಗ? ಜ್ವಾಳ ಬೀಸೋ ಕಲ್ಲಾಗಲ್ಲೇನ?"

"ಬೀಸಿಲ್ಲಕ್ಕ. ಒಳ್ಳಾಗ ಒನಕಿಲೆ ಕುಟ್ಟಿ, ಅರಿವ್ಯಾಗ ಜರಡಿ ಹಿಡದೀವಿ."

"ಏ ಜಂಬಿ," ಎಂದಳು ಪಂಪಮ್ಮ, "ನಿನ್ನ ತವರಮನಿ ಬಾಳಿಗಿಡದಾಗ ಜ್ವಾಳದ ತೆನಿ ಬಿಡ್ತಾವೇನ?"

ಪಡಸಾಲೆಯೆಲ್ಲ ನಕ್ಕಿತು. ಅಯ್ಯನವರೂ ನಕ್ಕರು, ಆಮೇಲೆ ಎರಡು ಸಲ ಹಾಕಿಸಿಕೊಂಡರು. ಅಂದಿನಿಂದ ಓಣಿಯಲ್ಲಿ ಅವಳ ಹೆಸರು ಹಿಟ್ಟಿನ ಜಂಬಮ್ಮ ಎಂದೇ ಆಯಿತು.

ಅದೇ ವರ್ಷ ಗಾದಿಲಿಂಗಪ್ಪ ಬಿಡುಗಡೆಯಾಗಿ ಬಂದ. ಗಂಡಹೆಂಡತಿ ಎಮ್ಮಿಗನೂರಿಗೆ ಹೊರಟರು. ಹೊರಡುವಾಗ ಉಚ್ಚೆಂಗಮ್ಮ ಕಾಲು ಮುಟ್ಟಲು ಬಂದರೆ, ಜಂಬಮ್ಮ "ಇರಲಿ ಬಿಡವ್ವ" ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ಬಂಡಿ ಮರೆಯಾದ ಮೇಲೆ ಒಲೆಯನ್ನು ಮೂರು ಸಲ ಸಾರಿಸಿದಳು.

ಮುಂದಿನ ಶಿವರಾತ್ರಿ ಹತ್ತಿರ ಬಂದಾಗ ಅವಳು ಯಾರಿಗೂ ಕಾಣದಂತೆ ಮಾಳಿಗೆಯ ಮೇಲೆ ಬಾಳೆಕಾಯಿ ಹೋಳು ಒಣಗಿಸಿದಳು. ಮಂಗ ಬಂದೀತೆಂದು ಬಿಸಿಲಲ್ಲಿ ಕೋಲು ಹಿಡಿದು ಕುಳಿತಳು. ಒಳ್ಳಲ್ಲಿ ಕುಟ್ಟಿದಳು, ಅರಿವೆಯಲ್ಲಿ ಜರಡಿ ಹಿಡಿದಳು. ಕಿವುಚಿದ ಹಣ್ಣಿಗೆ ಹಿಟ್ಟು, ಕೊಬ್ಬರಿ, ತುಪ್ಪ ಕಲಸಿ, ಬೆಲ್ಲ ಹಾಕುವಾಗ ಕೈ ಬಿಗಿಹಿಡಿದು ಚೂರೇ ಉದುರಿಸಿದಳು. ಎಲೆ ಹಾಸಿದ ಬೋಗುಣಿಗೆ ಸುರಿದು ಮೇಲೆ ಕೆಂಡ, ಕೆಳಗೆ ಕೆಂಡ ಇಟ್ಟಳು. ಮುಚ್ಚಳ ತೆಗೆದಾಗ ಅಂಚು ಕೆಂಪಗಿತ್ತು.

ಮಂದಿಯೆಲ್ಲ ನೋಡುತ್ತಿದ್ದಂತೆ ಅತ್ತೆಯ ಅಂಗೈಗೆ ಮೊದಲ ತುತ್ತು ಇಟ್ಟಳು.

ಪಂಪಮ್ಮ ಕಣ್ಣು ಮುಚ್ಚಿ ತಿಂದಳು. ಮುಖ ಹಿಗ್ಗಿತು. "ಉಚ್ಚೆಂಗಿ ಯಾವಾಗ ಬಂದ್ಲು? ಅಕೀ ಕೈ ರುಚಿ ನೋಡ್ರಿ! ಎಲ್ಲಿದ್ದರೂ ಗೊತ್ತಾಕ್ಕೈತಿ."

ನಾನು ಮಾಡಿದ್ದು ಎನ್ನಲು ಜಂಬಮ್ಮ ಬಾಯಿ ತೆರೆದಳು. ಹಾಗೆ ಹೇಳಿದರೆ ಯಾರಿಂದ ಕಲಿತೆ ಎಂದು ಕೇಳುತ್ತಾರೆ. ಹಿಟ್ಟು ಯಾವುದೆಂದೂ ಕೇಳುತ್ತಾರೆ. ಬಾಯಿ ಮುಚ್ಚಿದಳು.

ಎಲ್ಲರಿಗೂ ಹಂಚಿ ಒಳಗೆ ಹೋದವಳು ತಳದಲ್ಲಿ ಉಳಿದ ತುಂಡನ್ನು ಎಲೆಗೆ ಹಾಕಿಕೊಂಡಳು. ಅಡಗಿಸಿಟ್ಟಿದ್ದ ಬೆಲ್ಲದ ಹೆಂಟೆ ತೆಗೆದು ಗುಂಡುಕಲ್ಲಿನಿಂದ ಕುಟ್ಟಿ, ಫಳಾರ ಕಾಣದಂತೆ ಅದರ ಮೇಲೆ ಸುರಿದಳು. ಒಂದು ತುತ್ತು ಬಾಯಿಗಿಟ್ಟಳು. ತುಟಿಗೆ ತುಟಿ ಅಂಟಿತು.

"ಈಗ ನಂದಾತು," ಎಂದಳು.