ಬರ್ತೀನಿ ಎಂದ ಬಾಗಿಲಮ್ಮ

ಕಚೇರಿಯಲ್ಲಿ ನನ್ನ ಹೆಂಡತಿಗೆ ಬಾಗಿಲಮ್ಮ ಎಂದು ಹೆಸರಿಟ್ಟಿದ್ದಾರೆ. ಚಂಡಮಾರುತ ಬಂದುಹೋದ ಮೇಲೆ ಕಡಲಂಚಿನ ಮನೆಗಳನ್ನು ನೋಡಿ, ಯಾವುದರಲ್ಲಿ ಇರಬಹುದು, ಯಾವುದರಲ್ಲಿ ಇರಬಾರದು ಎಂದು ಹೇಳುವುದು ಅವಳ ಕೆಲಸ. ಯಾರ ಮನೆಗೆ ಹೋದರೂ ಮೊದಲು ಒಂದೇ ಮಾತು: "ಬಾಗಿಲು ಹಾಕಿ, ನೋಡೋಣ." ಸಲೀಸಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ಗೋಡೆ ಜರುಗಿದೆ ಎಂದು ಅರ್ಥ. ಆಮೇಲೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಡುತ್ತಾಳೆ, ಬಿರುಕಿಗೆ ಬೆರಳು ತೂರಿಸುತ್ತಾಳೆ. ಇರಬಾರದ ಮನೆಯಾದರೆ ಬಾಗಿಲಿಗೆ ಕೆಂಪು ಬಣ್ಣದ ಅಡ್ಡಗೀಟು ಎಳೆಯುತ್ತಾಳೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯ ಬಾಗಿಲುಗಳನ್ನೂ ಹೀಗೇ ಹಾಕಿ ತೆಗೆದು ಪರೀಕ್ಷೆ ಮಾಡಿದ್ದಳು. ಸೊಸೆಗೆ ಸಿಟ್ಟು ಬಂದಿದೆ ಎಂದುಕೊಂಡು ನನ್ನಮ್ಮ ಕೆಲವು ದಿನ ಮೆತ್ತಗಿದ್ದಳು.

ಈ ಸಲದ ಗಾಳಿಗೆ ಕಚೇರಿಯ ಜೀಪಿನ ಮೇಲೆ ಮರ ಬಿತ್ತು. ಹಾಗಾಗಿ ನನ್ನ ಲಾಂಡ್ರಿಯ ವ್ಯಾನು, ಅದರ ಜೊತೆಗೆ ನಾನು, ಸರ್ಕಾರಿ ಸೇವೆಗೆ ಸೇರಿದೆವು. ಅಂಗಡಿ ಮುಚ್ಚಿ ಬರಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬೀದಿಗಳನ್ನು ನೋಡಿದ ಮೇಲೆ ಅಂಗಡಿಯ ನೆನಪೇ ಹೋಯಿತು. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ದೋಣಿ, ಕರೆಂಟು ತಂತಿಯ ಮೇಲೆ ಯಾರದೋ ಹಾಸಿಗೆ.

ಕೊನೆಯ ಬೀದಿಯ ಕೊನೆಯ ಮನೆ ದೋಣಿ ಕಟ್ಟುವ ಬಡಗಿಯದು. ಹಿಂಬದಿಯ ಗೋಡೆಯ ಬುಡದಿಂದ ಅಲೆ ಮರಳನ್ನು ಎಳೆದುಕೊಂಡು ಹೋಗಿತ್ತು. ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತು. ಅವಳು ಕೆಂಪು ಗೀಟು ಎಳೆದು, ಗಂಡ ಹೆಂಡತಿ ಇಬ್ಬರೂ ಶಾಲೆಗೆ ಹೋಗಿ ಎಂದಳು. ಮನೆ ಹೋದವರನ್ನೆಲ್ಲ ಅಲ್ಲೇ ಇರಿಸಿದ್ದರು. ಬಡಗಿ ಬೆನ್ನು ಬಿಡಲಿಲ್ಲ.

"ಅಕ್ಕ, ಹಿಂದ್ಗಡೆ ಬುಡ ಇನ್ನೂ ನೀರಲ್ಲೇ ಇದೆ, ನೀವು ಪೂರ್ತಿ ನೋಡೇ ಇಲ್ಲ. ಮಧ್ಯಾಹ್ನದ ಮೇಲೆ ನೀರು ಇಳಿಯುತ್ತೆ. ಇನ್ನೊಂದ್ಸಲ ಬಂದು ನೋಡಿ."

ಇಂಥ ಮಾತು ಅವಳಿಗೆ ಮನೆಮನೆಯಲ್ಲೂ ಕೇಳಿ ಅಭ್ಯಾಸ. ಅಷ್ಟರಲ್ಲಿ ಪಕ್ಕದ ಬೀದಿಯವರು ಕೂಗುತ್ತಿದ್ದರು. ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ, ವ್ಯಾನು ಹತ್ತಿ, "ಬರ್ತೀನಣ್ಣ" ಎಂದಳು.

ನಮ್ಮಲ್ಲಿ ಹೊರಡುವಾಗ ಯಾರು ತಾನೇ 'ಹೋಗ್ತೀನಿ' ಎನ್ನುತ್ತಾರೆ? ಮತ್ತೆ ಮುಖ ನೋಡುವ ಮನಸ್ಸಿಲ್ಲದ ನೆಂಟನೂ 'ಬರ್ತೀನಿ' ಎಂದೇ ಜಾಗ ಖಾಲಿ ಮಾಡುವುದು. ಅವಳದೂ ಅಷ್ಟೇ, ಬಾಯಿಗೆ ಬಂದ ಮಾತು.

ಸಂಜೆ ಶಾಲೆಗೆ ಹೋದೆವು. ಗಾಳಿ ಮತ್ತೆ ಏಳುತ್ತಿತ್ತು, ನೀರೂ ಏರತೊಡಗಿತ್ತು. ಬಡಗಿಯ ಹೆಂಡತಿ ಮೂಲೆಯಿಂದ ಎದ್ದು ಬಂದಳು.

"ಮನೆ ನೋಡಿ ಬಂದ್ರಾ ಅಕ್ಕ? ಏನಂದ್ರು ನಮ್ಮನೆಯವ್ರು?"

"ಯಾವ ಮನೆ?"

"ನಮ್ಮದೇ. ಬರ್ತೀನಿ ಅಂದ್ರಲ್ಲ. ಆವಾಗ್ಲಿಂದ ಅಲ್ಲೇ ಕಾಯ್ತಾ ಇದಾರೆ."

ನನ್ನ ಹೆಂಡತಿ ನನ್ನ ತೋಳು ಹಿಡಿದು, "ರೀ, ವ್ಯಾನು ತೆಗೀರಿ" ಎಂದಳು. ಬೀದಿಯ ತುದಿಯಲ್ಲಿ ಕಂಬ ಅಡ್ಡ ಬಿದ್ದಿತ್ತು, ಇಳಿದು ಓಡಿದೆವು. ಅಲೆಗಳು ಆಗಲೇ ಬಡಗಿಯ ಹಿತ್ತಲಿಗೆ ಬಡಿಯುತ್ತಿದ್ದವು.

ಬಡಗಿ ಹೊಸ್ತಿಲ ಒಳಗೆ ನಿಂತಿದ್ದ. ಕಾಲ ಬಳಿ ಮರದ ಚಕ್ಕೆಗಳ ರಾಶಿ. ಕಾದು ಕಾದು ಅವನು ಸುಮ್ಮನೆ ಕೂತಿರಲಿಲ್ಲ, ಬಾಗಿಲ ಅಂಚನ್ನೆಲ್ಲ ಹೆರೆದಿದ್ದ.

"ಬಂದ್ರಾ ಅಕ್ಕ. ಈಗ ನೋಡಿ, ಹೇಗೆ ಹಾಕ್ಕೊಳುತ್ತೆ."

"ಬೇಡಣ್ಣ, ಮುಟ್ಬೇಡಿ, ಹೊರಗೆ ಬನ್ನಿ" ಎನ್ನುವಷ್ಟರಲ್ಲಿ ಅವನು ಒಳಗಿನಿಂದ ಬಾಗಿಲು ತಳ್ಳಿದ. ಬೆಣ್ಣೆಯಂತೆ ಹಾಕಿಕೊಂಡಿತು. ಅವಳ ಕೆಂಪು ಗೀಟು ನಮ್ಮ ಮುಖದ ಮುಂದೆ ಬಂದು ನಿಂತಿತು. ಆಮೇಲೆ ಗೋಡೆಯೊಳಗೆ ಏನೋ ಕಿರುಗುಟ್ಟಿತು, ಚೌಕಟ್ಟು ಒಂದು ಪಕ್ಕಕ್ಕೆ ವಾಲಿತು.

"ತೆಗೀಲಿಕ್ಕೆ ಬರ್ತಿಲ್ಲ ಅಕ್ಕ" ಎಂದ ಒಳಗಿನಿಂದ.

ಹಿಂಬದಿಗೆ ಅಲೆ, ಕಿಟಕಿಗೆ ಕಬ್ಬಿಣದ ಸರಳು. ನಾನು ಭುಜ ಕೊಟ್ಟು ಗುದ್ದಲು ಹೋದರೆ ಅವಳು ನನ್ನ ಅಂಗಿ ಹಿಡಿದೆಳೆದಳು. "ಗುದ್ದಿದ್ರೆ ಗೋಡೆ ಪೂರ್ತಿ ಅವರ ಮೇಲೆ." ಬಾಗಿಲಿಗೆ ಬಾಯಿ ಹಚ್ಚಿ ನಿಧಾನವಾಗಿ ಹೇಳಿದಳು: "ಅಣ್ಣ, ಚೌಕಟ್ಟಿನ ತಂಟೆಗೆ ಹೋಗ್ಬೇಡಿ. ಕೊಡಲಿ ತಗೊಂಡು ನಡುವಿನ ಹಲಗೆ ಒಡೀರಿ."

ಹಿಂದೆ ಎಲ್ಲೋ ಇಟ್ಟಿಗೆ ಉರುಳಿತು.

"ನನ್ನ ಕೈಯಾರೆ ಮಾಡಿದ ಬಾಗಿಲಕ್ಕ ಇದು."

"ಗೊತ್ತು. ಇನ್ನೊಂದು ಮಾಡ್ತೀರಿ. ಒಡೀರಿ."

"ನೀವು ಅಲ್ಲೇ ಇರ್ತೀರಾ?"

"ಇಲ್ಲೇ ಇದೀನಿ. ಹೋಗಲ್ಲ."

ಕೊಡಲಿ ಬಿತ್ತು. ಒಂದೊಂದು ಏಟಿಗೂ ಬಾಗಿಲ ಮೇಲಿನ ಕಲ್ಲಿನಿಂದ ಗಾರೆ ಅವಳ ತಲೆಯ ಮೇಲೆ ಉದುರುತ್ತಿತ್ತು. ಈಚೆ ಬಾ ಎಂದು ಬೈದೆ, ಕೈ ಹಿಡಿದು ಎಳೆದೆ. ಕದಲಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಅವಳ ಮೇಲೆ ನನಗೆ ಅಂಥ ಸಿಟ್ಟು ಬಂದಿರಲಿಲ್ಲ, ಅಂಥ ಭಯವೂ ಆಗಿರಲಿಲ್ಲ. ಹಲಗೆ ಸೀಳಿತು. ಮೊದಲು ಕೈ ಬಂತು, ಆಮೇಲೆ ತಲೆ. ಇಬ್ಬರೂ ಸೇರಿ ಎಳೆದೆವು. ಬೀದಿಗೆ ಬಂದು ಬಿದ್ದ ಮೇಲೆ ಮನೆಯ ಹಿಂಭಾಗ ಕುಸಿಯಿತು, ಅದರ ಬೆನ್ನಿಗೇ ಮುಂಭಾಗ.

ಅವನು ಬೈಯಲಿಲ್ಲ. "ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು" ಎಂದ. ಅದನ್ನು ಕೇಳಿದ ಮೇಲೇ ನನ್ನ ಹೆಂಡತಿ ಅತ್ತದ್ದು.

ಅಂದಿನಿಂದ ಅವಳು ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಎನ್ನುತ್ತಾಳೆ. ಕೇಳಿದವರು ಮುಖ ಸಿಂಡರಿಸುತ್ತಾರೆ, ಮಾತಾಡಲು ಬಾರದ ಹೆಂಗಸು ಎನ್ನುತ್ತಾರೆ. ಎತ್ತರದ ಜಾಗದಲ್ಲಿ ಬಡಗಿ ಹೊಸ ಮನೆ ಕಟ್ಟಿ ಕರೆದಾಗಲೂ ಹೊರಡುವ ಹೊತ್ತಿಗೆ ಅವಳದು ಅದೇ ಮಾತು. ಅವನು ಅಡ್ಡ ನಿಂತ.

"ಹಾಗನ್ಬೇಡಿ ಅಕ್ಕ. ಬರ್ತೀನಿ ಅನ್ನಿ."

"ನಾನು ಬರೋ ಹಾಗಾದ್ರೆ ನಿಮಗೆ ಒಳ್ಳೇದಲ್ಲಣ್ಣ" ಎಂದು ನಕ್ಕಳು. ಆದರೂ ಹೊಸ ಬಾಗಿಲನ್ನು ಒಮ್ಮೆ ಹಾಕಿ ತೆಗೆದು ನೋಡಿಯೇ ಮೆಟ್ಟಿಲಿಳಿದಳು.

ಈಗ ಅವಳು 'ಬರ್ತೀನಿ' ಎನ್ನುವುದು ನನಗೊಬ್ಬನಿಗೆ ಮಾತ್ರ, ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ. ಮೊದಲೆಲ್ಲ ಇಸ್ತ್ರಿಯಿಂದ ತಲೆ ಎತ್ತದೆ 'ಹೂಂ' ಎನ್ನುತ್ತಿದ್ದೆ. ಈಗ ಇಸ್ತ್ರಿ ಪೆಟ್ಟಿಗೆ ಕೆಳಗಿಡುತ್ತೇನೆ. "ಬಾ" ಎನ್ನುತ್ತೇನೆ.