ವೆಂಕಮ್ಮನ ಅಳತೆ ಪುಸ್ತಕ

ಚಿಕ್ಕದಾದರೂ ಕೊಪ್ಪ ಒಂದು ತಾಲ್ಲೂಕಿನ ರಾಜಧಾನಿ. ಅಲ್ಲಿ ಅಂತರ್ಯುದ್ಧ ಶುರುವಾದದ್ದು ಮಹಿಳಾ ಸಂಘದ ಅಧ್ಯಕ್ಷಗಿರಿಗೆ. ಹತ್ತು ವರ್ಷ ಆಳಿದ ಕಾಮಾಕ್ಷಮ್ಮ ಕುರ್ಚಿ ಬಿಡಲಿಲ್ಲ. ಟೀಚರ್ ಅರ್ಪಣಾ ಅರ್ಧ ಸಂಘವನ್ನು ಎಬ್ಬಿಸಿಕೊಂಡು ಹೊರನಡೆದಳು. ಅಂದಿನಿಂದ ಎರಡು ಸೈನ್ಯಗಳು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸಿ ಬಸ್ಸಿನ ಬೋರ್ಡು ಓದುತ್ತಿದ್ದವು.

ಕಷ್ಟಕ್ಕೆ ಸಿಕ್ಕಿದವಳು ದರ್ಜಿ ವೆಂಕಮ್ಮ. ಕಡಹಿನಬೈಲಿನಿಂದ ಮದುವೆಯಾಗಿ ಬಂದು ಮೂವತ್ತು ವರ್ಷ ಕೊಪ್ಪದ ರವಿಕೆಗಳನ್ನು ಹೊಲಿದವಳು. ಯಾರ ತೋಳು ಎಷ್ಟು ದಪ್ಪವಾಯಿತೆಂಬ ಸತ್ಯವನ್ನು ಅಳತೆ ಪುಸ್ತಕದಲ್ಲಿ ಬರೆದು ಬಾಯಿ ಮುಚ್ಚಿಕೊಂಡವಳು. ಮಹಿಳಾ ದಿನದ ಸಮೂಹಗಾನಕ್ಕೆ ಎರಡೂ ಬಣದವರು ಅವಳಿಗೇ ರವಿಕೆ ಬಟ್ಟೆ ಕೊಟ್ಟರು. ಆಚೆಯವರಿಗೆ ಬಣ್ಣ ಹೇಳಕೂಡದೆಂದು ಆಣೆಯನ್ನೂ ಹಾಕಿಸಿಕೊಂಡರು.

ಊರಲ್ಲಿ ಸೀರೆ ಕೊಂಡರೆ ಸುದ್ದಿಯಾದೀತೆಂದು ಕಾಮಾಕ್ಷಮ್ಮ ಬಾಳೆಹೊನ್ನೂರಿಗೆ ಹೋಗಿದ್ದಳು. ಅದೇ ಅನುಮಾನದಿಂದ ಅರ್ಪಣಾಳೂ ಅಲ್ಲಿಗೇ ಹೋಗಿದ್ದಳು. ಅಂಗಡಿಯಲ್ಲಿ ಒಂದೇ ಥರದ್ದು ಬೇಕಾದಷ್ಟು ಇದ್ದದ್ದು ಗಿಳಿಹಸಿರು ಮಾತ್ರ.

ಎರಡು ಗಂಟು ಬಿಚ್ಚಿದ ವೆಂಕಮ್ಮ ಎರಡರಲ್ಲೂ ಒಂದೇ ಹಸಿರು ಕಂಡು ಎದ್ದು ಬಾಗಿಲ ಚಿಲಕ ಹಾಕಿದಳು. ಹೇಳಿದರೆ ಆಣೆ ಮುರಿದಂತೆ. ಸುಮ್ಮನಿದ್ದರೆ ಹಾಡುವ ದಿನ ಎರಡೂ ಕಡೆಯವರು ಇವಳೇ ಬಾಯಿಬಿಟ್ಟಳೆನ್ನುತ್ತಾರೆ. ಆಮೇಲೆ ಯಾರು ಹೊಲಿಸುತ್ತಾರೆ?

ಗೂಢಚಾರರ ದಂಡು ಬರತೊಡಗಿತು. ಹುಕ್ಕು ಹಾಕಿಸಲು ಬಂದವಳು ಬೀರುವಿನತ್ತ ಕತ್ತು ಚಾಚಿದಳು. ಇನ್ನೊಬ್ಬಳು ಗುಂಡುಸೂಜಿ ಹುಡುಕುತ್ತ ಮೇಜಿನಡಿ ನುಸುಳಿದಳು. ಕೊತ್ತಂಬರಿ ಸೊಪ್ಪು ತಂದ ಪಕ್ಕದ ಮನೆಯ ಸೌಂದರ್ಯಾಳನ್ನೂ ವೆಂಕಮ್ಮ ಹೊಸಿಲಲ್ಲೇ ತಡೆದಳು. ಮಾರ್ಚ್ ತಿಂಗಳಲ್ಲಿ ಪುಕ್ಕಟೆ ಕೊತ್ತಂಬರಿಯೇ?

ಕಡೆಗೆ ಕಾಮಾಕ್ಷಮ್ಮನೇ ಬಂದಳು.

“ಆಚೆಯವ್ರದ್ದು ಯಾವ ಬಣ್ಣ ಮಾರಾಯ್ತಿ?”

“ಕಣ್ಣು ಮಂಜು ಅಮ್ಮಾ, ಬಣ್ಣ ಗೊತ್ತಾಗುದಿಲ್ಲ.”

“ಮತ್ತೆ ದಾರ ಹೆಂಗೆ ಆರಿಸ್ತಿ?”

“ಮೂಸಿ ನೋಡಿ.”

ಮಹಿಳಾ ದಿನದಂದು ಸಭಾಭವನದ ಎರಡು ಬಾಗಿಲುಗಳಿಂದ ನಲವತ್ತು ಗಿಳಿಗಳು ಒಳಬಂದವು. ಪರಸ್ಪರ ನೋಡಿದವು. ಆಮೇಲೆ ನಲವತ್ತೂ ಮುಂದಿನ ಸಾಲಿನಲ್ಲಿ ಕೂತಿದ್ದ ವೆಂಕಮ್ಮನ ಕಡೆ ತಿರುಗಿದವು.

“ನೀವೇ ಹೇಳಿದ್ದಲ್ವಾ ವೆಂಕಮ್ಮಕ್ಕ?” ಅರ್ಪಣಾ ಸಿಡಿದಳು. “ಇನ್ನು ನಮ್ಮವ್ರು ಯಾರೂ ನಿಮ್ಮ ಹತ್ರ ಹೊಲಿಸುದಿಲ್ಲ!”

“ನಮ್ಮವ್ರೂ!” ಎಂದಳು ಕಾಮಾಕ್ಷಮ್ಮ.

ವೆಂಕಮ್ಮ ಚೀಲದಿಂದ ಅಳತೆ ಪುಸ್ತಕ ತೆಗೆದಳು. “ಗುಟ್ಟು ಬಿಡುವವಳಾಗಿದ್ರೆ ಬಣ್ಣದಿಂದ ಯಾಕೆ ಶುರು ಮಾಡ್ತಿದ್ದೆ? ಮೂವತ್ತು ವರ್ಷದ್ದು ಇಲ್ಲಿದೆ. ಓದ್ಲಾ?”

ಮೈಕು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಾಯಕಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆರು ತಿಂಗಳಲ್ಲಿ ಮೊದಲ ಸಲ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು: “ಬೇಡ!”

ನಲವತ್ತು ಜನ ಒಂದೇ ಸಾಲಾಗಿ ನಿಂತು ಹಾಡಿದರು, ಎರಡು ಶ್ರುತಿಯಲ್ಲಿ. ಮಾರನೆಯ ದಿನವೇ ಎರಡೂ ಕಡೆಯಿಂದ ಹೊಸ ರವಿಕೆ ಬಟ್ಟೆಗಳು ಬಂದವು. ವೆಂಕಮ್ಮ ಅಳತೆ ಬರೆದುಕೊಂಡಳು. ಪುಸ್ತಕವನ್ನು ಬೀರುವಿನಲ್ಲಿಟ್ಟು, ಬೀಗವನ್ನು ಎರಡು ಸಲ ಎಳೆದು ನೋಡಿದಳು.